ಮೌನದ ಬಾಬ್ತು

ರೂವಿಯ ಹಳೇ ಎಕ್ಸ್‌ಚೇಂಜನ್ನು ಕಿತ್ತ ದಿನ
ಸ್ವಿಚ್ಚುಗಳನ್ನು ತೂಕಕ್ಕೆ ಹಾಕಿದರು.
ಹದಿನೆಂಟು ವರ್ಷ ನಾನು ಒರೆಸಿ ಎಣ್ಣೆ ಬಿಟ್ಟಿದ್ದನ್ನು
ಪಿಕಪ್ಪಿನವನು ಕಾಲಲ್ಲಿ ಒಳಗೆ ನೂಕಿದ.

ಒಂದೊಂದಕ್ಕೂ ಒಂದೊಂದು ನಡಿಗೆ ಇತ್ತು.
ಅಲ್ಲೆಲ್ಲೋ ಯಾರೋ ಏಳು ತಿರುಗಿಸಿದರೆ
ಇಲ್ಲಿ ಹಿತ್ತಾಳೆಯ ಕೈ ಏಳು ಮೆಟ್ಟಿಲು ಹತ್ತಿ
ಪಕ್ಕಕ್ಕೆ ಹೊರಳಿ, ಖಾಲಿ ಬಾಗಿಲು ಹುಡುಕಿ ನಿಲ್ಲುತ್ತಿತ್ತು.
ಶುಕ್ರವಾರದ ನಮಾಜು ಮುಗಿದದ್ದೇ
ಇಡೀ ಕೋಣೆ, ಹಂಚಿನ ಮೇಲೆ ಆಲಿಕಲ್ಲು.

ಇದನ್ನು ಕಂಡುಹಿಡಿದವನು ಹೆಣದ ಪೆಟ್ಟಿಗೆ ಮಾರುವವನಂತೆ,
ಫೋರ್‌ಮನ್ ಹೇಳುತ್ತಿದ್ದ, ಚಹಾದ ಹೊತ್ತಿಗೆ.
ಆಪರೇಟರಮ್ಮ ಸತ್ತವರ ಮನೆಯ ಕರೆಗಳನ್ನೆಲ್ಲ
ತನ್ನ ಗಂಡನ ಅಂಗಡಿಗೇ ಕೊಡುತ್ತಿದ್ದಳಂತೆ.
ಸಿಟ್ಟು ನೆತ್ತಿಗೇರಿ ಈತ
ಕಾಲರಿನ ಡಬ್ಬಿಗೆ ಗುಂಡುಸೂಜಿ ಚುಚ್ಚುತ್ತಾ ಕೂತು
ನಡುವೆ ಯಾರೂ ಬೇಡ ಅಂತ ಇದನ್ನು ಮಾಡಿದನಂತೆ.
ನಿಜವೋ ಸುಳ್ಳೋ. ನಗುತ್ತಿದ್ದೆವು.

ಆಮೇಲೆ ಹಮ್ರಿಯಾದಲ್ಲಿ, ಇಸ್ತ್ರಿ ಅಂಗಡಿಯ ಹಿಂದೆ
ಕಾನೂನಿಗೆ ಆಗದ ಕೆಲಸ ಹಿಡಿದೆ: ನೆಟ್ ಫೋನು.
ಪ್ಲೈವುಡ್ಡಿನ ನಾಲ್ಕು ಗೂಡು, ಹಸಿರು ಮಿಣುಕುವ ಒಂದು ಪೆಟ್ಟಿಗೆ,
ಮಿನಿಟಿಗೆ ನೂರು ಬೈಸೆ.
ಇಲ್ಲಿ ಮಾತು ಮೆಟ್ಟಿಲು ಹತ್ತುವುದಿಲ್ಲ.
ಕೊತ್ತಂಬರಿ ಹೆಚ್ಚಿದ ಹಾಗೆ ಹೆಚ್ಚಿ
ತುಂಡು ತುಂಡಿಗೂ ವಿಳಾಸ ಬರೆದು ಬಿಡುತ್ತಾರೆ.
ಒಂದು ಲಂಡನ್ನಿನ ಮೇಲೆ, ಒಂದು ಸಿಂಗಾಪುರದ ಮೇಲೆ ಹೋಗಿ
ಬಂಟ್ವಾಳದಲ್ಲಿ ಮತ್ತೆ "ಊಟ ಆಯ್ತಾ" ಆಗಬೇಕು.
ತಡವಾದ ತುಂಡನ್ನು ಕಾಯುವುದಿಲ್ಲ, ಬಿಸಾಡುತ್ತದೆ.
"ಊ… ಯ್ತಾ" ಎಂದಷ್ಟೇ ಕೇಳಿ
"ಆಯ್ತು" ಎಂದವರು ಎಷ್ಟೋ ಜನ.

ಇನ್ನೊಂದುಂಟು, ಯಾರಿಗೂ ಹೇಳಿರಲಿಲ್ಲ.
ಮೌನವನ್ನು ಈ ಪೆಟ್ಟಿಗೆ ಸಾಗಿಸುವುದಿಲ್ಲ.
ಖಾಲಿ ಗೋಣಿಗೆ ಹಮಾಲಿ ಯಾಕೆ?
ಆ ಕಡೆಯವರು ಸುಮ್ಮನಾದರೆ ಏನೂ ಹೊರಡುವುದಿಲ್ಲ.
ಪೂರಾ ನಿಶ್ಶಬ್ದವಾದರೆ ಈ ಕಡೆಯವರು ಹೆದರುತ್ತಾರೆ,
ಹಲೋ, ಹಲೋ, ಇದ್ದೀಯಾ?
ಅದಕ್ಕೆ ಯಾರೋ ಪುಣ್ಯಾತ್ಮ ಒಂದು ಸದ್ದು ಕಂಡುಹಿಡಿದ,
ದೂರದಲ್ಲಿ ಅಕ್ಕಿ ಕೇರಿದಷ್ಟು ಸಣ್ಣದು.
ಕೇಳುವವನ ಪೆಟ್ಟಿಗೆಯಲ್ಲೇ ಹುಟ್ಟುತ್ತದೆ.
ಹೆಸರೂ ಇಟ್ಟಿದ್ದಾರೆ: ನೆಮ್ಮದಿಯ ಸದ್ದು.

ಹಸೈನಾರ್ ಗುರುವಾರ ರಾತ್ರಿ ಬರುತ್ತಿದ್ದ, ಮೂರನೇ ಗೂಡಿಗೆ.
ಮತ್ರಾದಲ್ಲಿ ಬೋಟುಗಳಿಗೆ ಬಣ್ಣ ಹೊಡೆಯುವವನು,
ಉಗುರಿನ ಸಂದಿಯಲ್ಲೆಲ್ಲ ನೀಲಿ.
ಹೆಂಡತಿ ನೆಬೀಸಾ ಮಾತು ಬಿಟ್ಟು ಐದು ತಿಂಗಳು.
ಯಾಕೆಂದು ನಾನು ಕೇಳಲಿಲ್ಲ.
ಫೋನು ಎತ್ತುತ್ತಾಳೆ. ಇಡುವುದಿಲ್ಲ. ಅಷ್ಟೆ.
ಇವನೂ ಎರಡು ಮಾತಾಡಿ ಸುಮ್ಮನಾಗುವನು,
ಒಂದು ರಿಯಾಲಿಗೆ ಹತ್ತು ಮಿನಿಟು.
"ಉಸಿರು ಕೇಳ್ತದೆ ಬೊನಾ," ಎನ್ನುವನು ನೋಟು ಚಾಚಿ,
"ಇವತ್ತು ಸಿಟ್ಟು ಸ್ವಲ್ಪ ಕಡಿಮೆ."

ಕೊಡಬೇಕಿಲ್ಲದ ಚಿಲ್ಲರೆಗೆ ನಾನು ಡ್ರಾಯರು ತಡಕುವೆನು.

ಒಂದು ಗುರುವಾರ ತಡೆಯಲಾಗಲಿಲ್ಲ.
ಸೆಟ್ಟಿಂಗಿಗೆ ಹೋಗಿ ಒಂದು ಟಿಕ್ಕು ಅಳಿಸಿದೆ:
ಇದ್ದದ್ದೆಲ್ಲ ಬರಲಿ, ಮೌನವೂ ಸೇರಿ.
ಉಳಿದ ಗೂಡುಗಳಲ್ಲಿ ಮಾತು ತಡವರಿಸಿತು, ಬೈದರು.
ಅವನು ರಿಸೀವರನ್ನು ಕಿವಿಗೆ ಒತ್ತಿದ.
ನಾನೂ ಒತ್ತಿದೆ, ಟೆಸ್ಟಿಂಗಿನ ಹೆಡ್‌ಫೋನು. ತಪ್ಪು, ಗೊತ್ತು.

ದೂರದಲ್ಲಿ, ಒಳಕೋಣೆಯಲ್ಲಿ, ಹೊಲಿಗೆ ಮಿಷನ್ನು.
ನಿಂತಿತು. ಮತ್ತೆ ಹೊರಟಿತು.
ಮಗು ಏನೋ ಕೇಳಿತು, ಯಾರೋ ನಕ್ಕರು.
ಹತ್ತಿರ, ರಿಸೀವರಿನ ಬಳಿ,
ಯಾರೂ ಇರಲಿಲ್ಲ.

ಹತ್ತು ಮಿನಿಟು ಪೂರಾ ಕೇಳಿದ. ನೋಟು ಇಟ್ಟ.
ನೀಲಿ ಉಗುರಿನಿಂದ ಮೇಜಿನ ಅಂಚು ಕೆರೆದ.
"ಇವತ್ತು ಲೈನು ಸರಿ ಇರಲಿಲ್ಲ," ಎಂದ.
"ಯಾರದೋ ಮನೆಗೆ ಸೇರಿಕೊಂಡಿತ್ತು.
ಬರುವ ವಾರಕ್ಕೆ ಮೊದಲಿನ ಹಾಗೆ ಮಾಡಿಡು."

ಮಾಡಿಟ್ಟೆ.